ಒಂದು ಮಾತು ಹೇಳಿ

ಕಳೆದ ವಾರ ಅವನ ಹೆಸರು ಕರಣ್.
ಇವತ್ತು ರೋಹನ್.
ದನಿ ಅದೇ, ಹಿಂದೆ ಗುಂಯ್‌ಗುಡುವ ನೂರು ದನಿಗಳೂ ಅವೇ,
ಅದೇ ಮೂಗು ಕಟ್ಟಿದ ಹಿಂದಿ:
‘ಮೇಡಂ, ಎಪ್ಪತ್ತಮೂರು ಸಾವಿರದ ಒಂಬೈನೂರ ಹದಿನೆಂಟು.’

ಡೊಂಬಿವಲಿ, ಮೂರನೇ ಪ್ಲಾಟ್‌ಫಾರ್ಮು.
ಎಂಟು ಹನ್ನೆರಡರ ಲೋಕಲ್ಲು ಕಣ್ಣೆದುರೇ ತುಂಬಿ ಹೊರಟಿತು.
ಹೋಗಲಿ. ಹದಿನೆಂಟು ರೂಪಾಯಿಯನ್ನೂ ಬಿಡದೆ ಓದುವವನ ಜೊತೆ
ಮಾತಿಗೆ ಕೂರಲು ಒಂದು ಬೆಂಚು ಬೇಕು.

ಆ ಅಂಗಡಿಯೇ ಈಗ ಇಲ್ಲ ಮಾರಾಯ.
ಠಾಣೆಯಲ್ಲಿ ಅದು ಇದ್ದ ಜಾಗದಲ್ಲಿ
ಗಾಜಿನ ಹಿಂದೆ ಜನ ನಿಂತಲ್ಲೇ ಓಡುತ್ತಾರೆ.
ಅಂಗಡಿ ಸತ್ತಿತು, ಬಾಕಿ ಸಾಯಲಿಲ್ಲ.
ಮೂರು ಸಲ ದತ್ತು ಹೋದ ಮಗುವಿನಂತೆ
ಕಂಪನಿಯಿಂದ ಕಂಪನಿಗೆ ದಾಟಿ, ಬೆಳೆದು, ಮೀಸೆ ಬಂದು
ಹನ್ನೊಂದು ವರ್ಷದ ಮೇಲೆ ನನ್ನನ್ನು ಹುಡುಕಿಕೊಂಡು ಬಂದಿದೆ.

‘ಕಾರ್ಡು ಮಾಡಿಸಿದರೆ ಛತ್ರಿ ಪುಕ್ಕಟೆ ಆಂಟಿ’
ಎಂದಿದ್ದಳು ಕೌಂಟರಿನ ಹುಡುಗಿ. ಹೊರಗೆ ಜುಲೈ ಹೊಯ್ಯುತ್ತಿತ್ತು.
ನೆನೆಯಬಾರದೆಂದು ಸಹಿ ಹಾಕಿದೆ.
ಛತ್ರಿಯ ಕಡ್ಡಿ ಸ್ಟೇಷನ್ ಮುಟ್ಟುವ ಮೊದಲೇ ಮುರಿಯಿತು.

ತಂದದ್ದು ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತರದು:
ಕುಕ್ಕರು, ಪೂರ್ಣಿಯ ಬೂಟು, ನಾಲ್ಕು ದಿಂಬಿನ ಕವರು, ಅದು ಇದು.
ಎರಡು ವರ್ಷ ಸರಿಯಾಗಿ ಕಟ್ಟಿದೆ, ಮತ್ತೆ ತಂದೆ, ಮತ್ತೆ ಕಟ್ಟಿದೆ.
ಆಮೇಲೆ ಇವರ ಕ್ಯಾಂಟೀನಿದ್ದ ಫ್ಯಾಕ್ಟರಿ ವಾಪಿಗೆ ಹೋಯಿತು.
ಕ್ಯಾಂಟೀನು ಉಳಿಯಿತು,
ಇಡ್ಲಿ ತಿನ್ನುವವರಿಲ್ಲದೆ.

‘ಕಾಲ ಮೀರಿದ ಸಾಲ, ಕೋರ್ಟಿಗೆ ಹೋಗಲಾರರು, ಕಟ್ಟಲೇಬೇಡಿ’
ಎಂದರು ಕೆಳಮನೆಯ ಸಾಠೆ ವಕೀಲರು.
ಇರಬಹುದು. ಆದರೆ ಆ ದಿಂಬಿನ ಕವರಿನ ಮೇಲೆ
ನಾನು ಈಗಲೂ ತಲೆಯಿಡುತ್ತೇನಲ್ಲ.

‘ಅರ್ಧ ಕೊಡಿ, ಇವತ್ತೇ ಮುಗಿಸೋಣ’ ಎಂದ.
ಒಂಬತ್ತು ಸಾವಿರ ಎಂದೆ.
ನಕ್ಕ.
ಹೌಸಾಬಾಯಿಯೂ ಹೀಗೇ ನಗುತ್ತಾಳೆ,
ಬಂಗುಡೆಯ ಕಿವಿರೆತ್ತಿ ನೋಡಿ ನಾನು ಬೆಲೆ ಹೇಳಿದಾಗ.
ನಕ್ಕಳೆಂದರೆ ಇಳಿಯುತ್ತಾಳೆ ಎಂದೇ ಲೆಕ್ಕ.
ಆಗ ಮೂರು ಹೆಜ್ಜೆ ನಡೆಯಬೇಕು, ತಿರುಗಿ ನೋಡಬಾರದು.
ಫೋನಿನಲ್ಲಿ ನಡೆಯುವುದು ಹೇಗೆ?
ಸುಮ್ಮನಾದೆ.
ನನ್ನ ಮೌನದೊಳಗೆ ಬದಲಾಪುರದ ಫಾಸ್ಟು ಇಡಿಯಾಗಿ ಹಾದುಹೋಯಿತು.
‘ಮೇಡಂ? ಇದ್ದೀರಾ? ಮೂವತ್ತು ಮಾಡಿ.’

ಮನೆಗೆ ಜನ ಬರುತ್ತಾರೆ ಎಂದ.
ಬರಲಿ, ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿದೆ ಎಂದೆ.
ಇಪ್ಪತ್ತೆರಡು. ಹದಿನೆಂಟು.
ಸಾಹೇಬರನ್ನು ಕೇಳುತ್ತೇನೆಂದು ಕಿವಿಗೆ ಸಂಗೀತ ಹಾಕಿ ಹೋದ.
ಬಂದವನ ದನಿ ತಗ್ಗಿತ್ತು:
‘ತಿಂಗಳ ಕೊನೆ ಮೇಡಂ. ಒಂದೇ ಒಂದು ಕೇಸು ಕಮ್ಮಿ ಇದೆ ನನಗೆ.
ನೀವೇ ಒಂದು ಮಾತು ಹೇಳಿ.’

ಹದಿಮೂರೂವರೆ. ಭಿಶಿಯ ದುಡ್ಡು, ಅಷ್ಟೇ ಇರುವುದು.
ಮೂರು ಕಂತು. ಮೊದಲು ಕಾಗದ, ಆಮೇಲೆ ಕಾಸು.
ಮತ್ತೆ, ನಿನ್ನ ನಿಜವಾದ ಹೆಸರೇನು?
ಅವನು ಕಾಗದ ಕಳಿಸುತ್ತೇನೆ ಎಂದ.

ಹಳೆಯ ಲೆಕ್ಕದ ಪಟ್ಟಿ ಮೊದಲೇ ತರಿಸಿದ್ದೆ.
ಪೂರ್ಣಿ ಫೋನಿನಲ್ಲಿ ದೊಡ್ಡದು ಮಾಡಿ ಓದಿದ್ದಳು:
‘ಸೆಂಟು, ಒಂದು, ಸಾವಿರದ ನೂರೈವತ್ತು. ಇದು ಯಾರಿಗಮ್ಮಾ?’
ತಪ್ಪಿ ಹಾಕಿರಬೇಕು ಎಂದಿದ್ದೆ.
ಸೀಸೆ ಇನ್ನೂ ಕಪಾಟಿನಲ್ಲಿದೆ, ಮದುವೆ ಸೀರೆಯ ಅಡಿ.
ಆಗೆಲ್ಲ ಮನೆಯಲ್ಲಿ ಹಚ್ಚುತ್ತಿರಲಿಲ್ಲ.
ಲೇಡೀಸ್ ಡಬ್ಬಿ ಹತ್ತಿದ ಮೇಲೆ ಮಣಿಕಟ್ಟಿಗೆ ಒಂದೇ ಹನಿ.
ದಾದರಿನವರೆಗೆ ಯಾರದೋ ಮಳೆ ಬಿದ್ದ ಹುಲ್ಲಿನ ವಾಸನೆ,
ಸಂಜೆ ಮರಳುವ ಹೊತ್ತಿಗೆ ಮತ್ತೆ ನಾನು.

ರಾತ್ರಿ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಭಾಗಿಸಿದೆ.
ಎಪ್ಪತ್ತಮೂರು ಸಾವಿರದಲ್ಲಿ ಆ ಸೀಸೆಯ ಪಾಲು
ಮೂರು ಸಾವಿರದ ಒಂಬೈನೂರ ಚಿಲ್ಲರೆ ಇತ್ತು.
ಈಗ ಏಳುನೂರ ಹದಿನೇಳು.
ಅಂಗಡಿ ಇದ್ದಾಗಲೂ ಸಿಗದ ಬೆಲೆ!
ಇವರು ಟಿವಿಯಿಂದ ತಿರುಗಿ, ಏನದು ನಗು ಎಂದರು.

ಬಂಗುಡೆ ಅಗ್ಗವಾಗಿದೆ ಎಂದೆ.